ಅಪ್ಪನ ಬೆನ್ನಿಗೆ ಪೊರಕೆ ಕಡ್ಡಿ

ಹಳೇ ಮನೆಗಳ ಜಗಲಿ ಅಂದರೆ ಎಷ್ಟು ಚೆಂದ ಅಲ್ಲವಾ, ಅಲ್ಲಿ ಕೂತು ಮಾತಾಡುವ ಸುಖವೇ ಸುಖ ಎಂದು ಯಾರಾದರೂ ನನ್ನೆದುರು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರು ಹೆಚ್ಚಾಗಿ ಗಂಡಸರೇ. ಸುಖ ಇತ್ತು ಸ್ವಾಮಿ, ಇರಲಿಲ್ಲ ಅಂತ ನಾನೆಲ್ಲಿ ಅಂದೆ? ಕೂತವರಿಗೆ ಇತ್ತು. ನಮ್ಮ ಮನೆಯ ಜಗಲಿಯನ್ನು ದಿನಾ ಬೆಳಿಗ್ಗೆ ಬಗ್ಗಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ತನ್ನ ಕಾಲಿನ ಗುರುತೂ ಉಳಿಯದ ಹಾಗೆ ಒರೆಸಿ ಇಳಿಯುತ್ತಿದ್ದವಳು ನಮ್ಮವ್ವ. ಅವಳು ಅದರ ಮೇಲೆ ಕೂತದ್ದನ್ನು ನಾನು ನನ್ನ ಜನ್ಮದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ. ಆ ಒಂದು ಸಲದ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಇಷ್ಟು ವಯಸ್ಸಾದ ಮೇಲೂ ಆರದ ಸಿಟ್ಟು ಅದು, ಒಳಗೇ ಇಟ್ಟುಕೊಂಡು ನನಗೂ ಸಾಕಾಗಿದೆ.

ನಮ್ಮೂರಿನಿಂದ ಹೊನ್ನವಳ್ಳಿಗೆ ತೋಟಗಳ ನಡುವೆ ಒಂದು ಗಂಟೆಯ ಕಾಲುದಾರಿ. ನಮ್ಮ ಮನೆಯ ಬೀದಿ ಬಾಗಿಲ ಎಡಕ್ಕೆ ದೊಡ್ಡ ಜಗಲಿ, ಬಲಕ್ಕೆ ಚಿಕ್ಕದು. ಚಿಕ್ಕದರ ಮೇಲೆ ನೊಗ, ಹಗ್ಗ, ಗೊಬ್ಬರದ ಚೀಲ. ದೊಡ್ಡದಕ್ಕೆ ಎರಡು ಹಲಸಿನ ಕಂಬ, ಕೆಂಪು ಗಾರೆಯ ನೆಲ, ಹಿಂಬದಿಯ ಗೋಡೆಯಲ್ಲಿ ಮರದ ಸರಳಿನ ಒಂದು ಕಿಟಕಿ. ಕಿಟಕಿಯ ಆಚೆ ಒಳಗಿನ ಪಡಸಾಲೆ. ಅಪ್ಪ ಕೂರುತ್ತಿದ್ದದ್ದು ಯಾವಾಗಲೂ ಆ ಕಿಟಕಿಗೆ ಬೆನ್ನು ಕೊಟ್ಟು. ಅದು ಯಜಮಾನರ ಜಾಗ, ಇನ್ನೊಬ್ಬರು ಅಲ್ಲಿ ಕೂರುವಂತಿಲ್ಲ ಎಂದು ಊರಿಗೇ ಗೊತ್ತಿತ್ತು. ಉಳಿದ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ವಿಭೂತಿ ಕೊಡಲು ಬರುವ ಅಯ್ಯನವರು, ಕುರಿ ವ್ಯಾಪಾರದವನು, ಅಪ್ಪನ ಬೀಡಿ ಸೇದಲೆಂದೇ ಬರುತ್ತಿದ್ದ ಪಕ್ಕದ ಮನೆಯ ಸಿದ್ದಪ್ಪ, ಕಂಬದ ಬುಡದಲ್ಲಿ ನಮ್ಮ ಕರಿ ನಾಯಿ. ನಾಯಿಗಿದ್ದ ಜಾಗ ಅವ್ವನಿಗೆ ಇರಲಿಲ್ಲ. ಹೆಂಗಸರು ಜಗಲಿ ತೊಳೆಯಬಹುದು, ಒರೆಸಬಹುದು, ಹಬ್ಬದಲ್ಲಿ ಅಂಚಿಗೆ ಸುಣ್ಣದ ಗೆರೆ ಎಳೆಯಬಹುದು, ಬಂದವರಿಗೆ ನೀರಿನ ಚೆಂಬನ್ನು ಹೊಸಿಲ ಈಚೆಯಿಂದ ಕೈ ಚಾಚಿ ಇಡಬಹುದು. ಕೂರುವಂತಿಲ್ಲ. ಅಪ್ಪನ ಅವ್ವ, ನಮ್ಮಜ್ಜಿ, ಈ ಕಾನೂನಿನ ಪೊಲೀಸು. ಅವಳೂ ಸಾಯುವ ತನಕ ಹೊಸಿಲ ಒಳಗೇ ಕೂತವಳು, ಅದಕ್ಕೇ ಇನ್ನೊಬ್ಬಳು ಆಚೆ ಕೂರುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲವೋ ಏನೋ. ಒಂದು ದಿನ ಅವ್ವ ಜ್ವರದಲ್ಲೇ ಜಗಲಿ ತೊಳೆದು, ಬಕೆಟ್ಟು ಕೆಳಗಿಟ್ಟು, ಕಂಬ ಹಿಡಿದುಕೊಂಡು ಅಂಚಿಗೆ ಒರಗಿದ್ದಳು.

"ಏನೇ, ಗಂಡಸ್ರು ಕೂರೋ ಜಾಗದಾಗೆ ಹಂಗೆ ಒರಗ್ಕಂಡಿದ್ದೀಯ? ಎದ್ದೇಳು."

"ತಲೆ ತಿರುಗ್ತು ಕಣತ್ತೆ."

"ಒಳಗೋಗಿ ತಿರುಗುಸ್ಕೋ."

ಅವ್ವ ಒಳಗೆ ಹೋದಳು. ನಾನು ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಸ್ಲೇಟು ಹಿಡಿದು ಕೂತಿದ್ದೆ. ಚಿಕ್ಕ ಹುಡುಗಿಯರಿಗೆ ರಿಯಾಯಿತಿ ಇತ್ತು. ನಮ್ಮ ಮನೆಯ ಒಳಗೆ ಹಗಲಲ್ಲೂ ಕತ್ತಲು, ಅಕ್ಷರ ಕಾಣುವಷ್ಟು ಬೆಳಕು ಇದ್ದದ್ದು ಅಡುಗೆಮನೆಯ ಬೆಳಕಿಂಡಿಯ ಕೆಳಗೆ ಒಂದು ಮಾರು ಜಾಗದಲ್ಲಿ, ಅದು ಬಿಟ್ಟರೆ ಜಗಲಿಯಲ್ಲಿ. ನಾನು ಓದಲು ಕಲಿತದ್ದು, ಮಗ್ಗಿ ಉರು ಹೊಡೆದದ್ದು, ಭಾರತದ ನಕ್ಷೆ ಬರೆದದ್ದು ಎಲ್ಲಾ ಆ ಕಂಬಕ್ಕೆ ಒರಗಿಕೊಂಡೇ. ಹಾಗಾಗಿ ಅವತ್ತು ನನಗೆ ಅವ್ವನ ಮೇಲೆ ಕರುಣೆ ಬಂತು ಅಂದುಕೊಳ್ಳಬೇಡಿ. ಈ ಕಾನೂನು ನನಗಲ್ಲ, ಅವಳಿಗೆ ಮಾತ್ರ ಅಂದುಕೊಂಡು ಹಾಯಾಗಿದ್ದೆ.

ಇನ್ನು ಅಪ್ಪನ ಕಿವಿಯ ವಿಷಯ. ನಮ್ಮ ಕಡೆ ತೆಂಗಿನಕಾಯಿಯನ್ನು ಕೆಡವಿದ ಕೂಡಲೇ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹೆಚ್ಚೂಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಗುಂಡಗೆ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಉಂಡೆ ಹೊರಳುವ ಸದ್ದು. ಆದರೆ ಸದ್ದು ಬಂದದ್ದೆಲ್ಲ ಆದ ಕಾಯಲ್ಲ. ಕೆಲವು ಚಿಪ್ಪು ಬಿಟ್ಟಿರುತ್ತವೆ, ಒಳಗೆ ಇನ್ನೂ ಹಸಿ ಇರುತ್ತದೆ, ಇಲ್ಲವೇ ಕೊಳೆತಿರುತ್ತದೆ. ಆ ವ್ಯತ್ಯಾಸ ಎಲ್ಲರ ಕಿವಿಗೂ ಸಿಕ್ಕುವುದಿಲ್ಲ. ತಿಪಟೂರಿನಿಂದ ಮಂಡಿ ಸಾಹುಕಾರರು ವರ್ಷಕ್ಕೊಮ್ಮೆ ಅಟ್ಟದ ಮಾಲು ಕೇಳಲು ಬಂದಾಗ ಜಗಲಿಯ ಮೇಲೆ ಒಂದು ಶಾಸ್ತ್ರ ನಡೆಯುತ್ತಿತ್ತು. ಮಟ್ಟೆ ಸುಲಿದ ಒಂದು ಕುಕ್ಕೆ ಕಾಯಿ ತಂದಿಡುವುದು. ಸಾಹುಕಾರರು ತಮಗೆ ಅನುಮಾನ ಬಂದ ಐದು ಕಾಯಿ ಆರಿಸಿ ಒಂದೊಂದಾಗಿ ಅಪ್ಪನ ಕೈಗೆ ಕೊಡುವುದು. ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ 'ಆಗೈತೆ' ಇಲ್ಲವೇ 'ಆಗಿಲ್ಲ' ಅನ್ನುವುದು, ಆಮೇಲೆ ಎಲ್ಲರೆದುರು ಒಡೆಯುವುದು. ಐದಕ್ಕೆ ಐದೂ ಅಪ್ಪ ಹೇಳಿದಂತೆ ಬಂದರೆ ಸಾಹುಕಾರರು ಅಟ್ಟ ಹತ್ತಿ ನೋಡುತ್ತಲೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ಒಮ್ಮೆಯೂ ತಪ್ಪಿರಲಿಲ್ಲ. ಯಜಮಾನ್ರ ಕಿವಿ ಅಂದ್ರೆ ಕಿವಿ ಕಣಪ್ಪ ಅಂತ ಸಿದ್ದಪ್ಪ ಹುಳಿಯಾರಿನ ಸಂತೆಯಲ್ಲೂ ಹೇಳಿಕೊಂಡು ಬರುತ್ತಿದ್ದ.

ಆ ಕಿವಿ ಮಂದವಾಗಿತ್ತು. ಹುಡುಗನಾಗಿದ್ದಾಗ ಕೀವು ಸೋರಿ ಸೋರಿ ಎರಡೂ ಕಿವಿ ಅರ್ಧ ಹೋಗಿದ್ದವು. ಎದುರಿಗೆ ಕೂತು ಮಾತಾಡಿದರೆ ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಇದು ಮನೆಯ ನಾಲ್ಕು ಗೋಡೆಯ ಆಚೆ ಯಾರಿಗೂ ಗೊತ್ತಿರಲಿಲ್ಲ. ಕಿವಿ ಇದ್ದದ್ದು ಅವ್ವನಿಗೆ. ಸಾಹುಕಾರರು ಬಂದ ದಿನ ಅವಳು ಪಡಸಾಲೆಯ ಕತ್ತಲಲ್ಲಿ, ಕಿಟಕಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಪೊರಕೆಯಿಂದ ಕಿತ್ತ ಒಂದು ತೆಂಗಿನ ಕಡ್ಡಿಯನ್ನು ಸರಳಿನ ಸಂದಿಯಿಂದ ಅಪ್ಪನ ಬೆನ್ನಿಗೆ ತಾಗಿಸಿ ಹಿಡಿಯುತ್ತಿದ್ದಳು. ಒಂದು ಸಲ ಚುಚ್ಚಿದರೆ ಆಗೈತೆ. ಎರಡು ಸಲ ಚುಚ್ಚಿದರೆ ಆಗಿಲ್ಲ. ಊರೆಲ್ಲ ಕೊಂಡಾಡುತ್ತಿದ್ದ ಯಜಮಾನಿಕೆ ನಿಂತಿದ್ದದ್ದು ಒಂದು ಪೊರಕೆ ಕಡ್ಡಿಯ ಮೇಲೆ! ಹೊಗಳಿಕೆ ಮುಗಿದ ಮೇಲೆ ಅಪ್ಪ ಒಳಗೆ ಬಂದು 'ಬೆನ್ನು ತೂತು ಮಾಡ್ಬುಡ್ತೀಯಲ್ಲೇ, ಮೆತ್ತಗೆ ಚುಚ್ಚಾಕೇನು?' ಅಂತ ಗದರುತ್ತಿದ್ದ. ಅಷ್ಟೇ ಅವಳಿಗೆ ಸಿಗುತ್ತಿದ್ದ ಸನ್ಮಾನ. ನನಗೆ ಹತ್ತು ವರ್ಷ ಆದಾಗಿನಿಂದ ಅವ್ವ ನನ್ನನ್ನೂ ಅಟ್ಟಕ್ಕೆ ಹತ್ತಿಸಿಕೊಂಡು ಕಲಿಸಿದಳು.

"ಕಣ್ ಮುಚ್ಕಂಡು ಕೇಳು ಗಿರ್ಜಿ. ಒಣಗಿದ್ದು ಗಟ್ಟಿಯಾಗಿ ಮಾತಾಡ್ತದೆ. ಹಸಿ ಇರೋದು ತೊದಲ್ತದೆ. ಕೇಳುಸ್ತಾ?"

ನನಗೆ ಕೇಳಿಸಿತು. ಎರಡು ವರ್ಷದಲ್ಲಿ ಅವಳಷ್ಟೇ ಚೆನ್ನಾಗಿ ಕೇಳಿಸಿತು.

ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ನಮ್ಮ ಸ್ಕೂಲಿಗೇ ನಾನು ಮೊದಲು ಬಂದೆ. ಅದೇ ಬೇಸಿಗೆಯಲ್ಲಿ ದೊಡ್ಡವಳಾದೆ. ಸೋದರಮಾವ ಬಂದು ಹಿತ್ತಲಲ್ಲಿ ಸೋಗೆಯ ಗುಡ್ಲು ಹಾಕಿದ. ಕೊಬ್ಬರಿ, ಬೆಲ್ಲ, ಎಳ್ಳುಂಡೆ ತಿನ್ನಿಸಿದರು, ಆರತಿ ಎತ್ತಿದರು, ಹೊಸ ಲಂಗ ದಾವಣಿ ಉಡಿಸಿದರು. ಏನೋ ದೊಡ್ಡ ಬಹುಮಾನ ಗೆದ್ದವಳ ಹಾಗೆ ನಾನೂ ಬೀಗುತ್ತಾ ಕೂತಿದ್ದೆ. ಗುಡ್ಲಿನಿಂದ ಎದ್ದ ಮಾರನೇ ದಿನ ಪುಸ್ತಕ ಹಿಡಿದು ಜಗಲಿಗೆ ಕಾಲಿಟ್ಟರೆ ಅಜ್ಜಿ ಹೊಸಿಲಲ್ಲೇ ರಟ್ಟೆ ಹಿಡಿದಳು. ಇನ್ನು ಮೇಲೆ ಅಲ್ಲಿಗೆ ಹೋಗುವಂತಿಲ್ಲ ಅಂದಳು. ನನ್ನ ಕಂಬದ ಬುಡದಲ್ಲಿ ನಮ್ಮಣ್ಣ ಕೂತು ತಲೆ ಬಾಚಿಕೊಳ್ಳುತ್ತಿದ್ದ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲಕ್ಕೆ ಫೀಜು ಕಟ್ಟಿಸಿಕೊಂಡಿದ್ದ. ಸಂಜೆ ಅಪ್ಪ ಕಿಟಕಿಯ ಆಚೆಯಿಂದಲೇ, ನನ್ನ ಕಡೆ ತಿರುಗದೆ, ತೀರ್ಪು ಹೇಳಿದ.

"ಹೊನ್ನವಳ್ಳಿ ಹೈಸ್ಕೂಲು ಗೈಸ್ಕೂಲು ಏನೂ ಬ್ಯಾಡ. ದೊಡ್ಡೋಳಾದ್ಲು, ಒಬ್ಳೇ ತೋಟದ ದಾರೀಲಿ ಹೋಗೋದು ಚೆಂದಾಗಿರಾಕಿಲ್ಲ. ಮನೆ ಕ್ಯಾಮೆ ಕಲೀಲಿ."

"ಅಣ್ಣ ಫೇಲಾದ್ರೂ ಹೋಯ್ತಾನಲ್ಲಪ್ಪ?"

"ಅವ್ನು ಗಂಡ್ಸು."

ನಾನು ಅತ್ತೆ, ಊಟ ಬಿಟ್ಟೆ, ಅವ್ವನ ಸೆರಗು ಹಿಡಿದು ಜಗ್ಗಿದೆ. ಅವಳು ಮುದ್ದೆ ತಿರುವುತ್ತಲೇ ಇದ್ದಳು. ಹೈಸ್ಕೂಲು ಶುರುವಾಗಿ ಎರಡು ವಾರ ಆಯಿತು. ತಿಂಗಳು ಮುಗಿಯುವುದರೊಳಗೆ ಹೆಸರು ಹಚ್ಚಿಸದಿದ್ದರೆ ಈ ವರ್ಷ ಸೇರಿಸಿಕೊಳ್ಳುವುದಿಲ್ಲವಂತೆ ಎಂದು ಗೆಳತಿ ಬಂದು ಹೇಳಿ ಹೋದಳು. ಆ ಗಡುವು ಮುಗಿಯಲು ನಾಲ್ಕು ದಿನ ಇತ್ತು ಅನ್ನುವಾಗ ಸಾಹುಕಾರರ ಕಾರು ಬಂತು. ಒಳಗೆ ಅವರಿಗೆ ಒಬ್ಬಟ್ಟಿನ ಅಡುಗೆ ಆಗಬೇಕಿತ್ತು. ಅವ್ವ ಹೂರಣದ ಕೈಯಲ್ಲೇ ಬಂದು ಕಡ್ಡಿಯನ್ನು ನನಗೆ ಕೊಟ್ಟಳು.

"ಒಲೆ ಮುಂದಿಂದ ಏಳಾಕಾಗಾಕಿಲ್ಲ. ಇವತ್ತು ನೀನೇ ನೋಡ್ಕೋ. ನಿಮ್ಮಪ್ಪಂಗೆ ಗೊತ್ತಾಗೋದು ಬ್ಯಾಡ."

ಕಿಟಕಿಯ ಹಿಂದೆ ಕೂತೆ. ಅಪ್ಪನ ಬಿಳಿ ಅಂಗಿಯ ಬೆನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ. ಅದರಾಚೆ ಸಾಹುಕಾರರ ಜರಿ ಪಂಚೆ, ಸಿದ್ದಪ್ಪನ ಬೀಡಿ, ಅಣ್ಣನ ಕ್ರಾಪು. ಮೊದಲ ಕಾಯಿ ಗಟ್ಟಿಯಾಗಿ ಮಾತಾಡಿತು. ಒಂದು ಸಲ ಚುಚ್ಚಿದೆ. 'ಆಗೈತೆ' ಅಂದ ಅಪ್ಪ. ಒಡೆದರೆ ಗುಂಡನೆ ಉಂಡೆ. ಎರಡನೆಯದೂ ಹಾಗೇ. ಮೂರನೆಯದು ಹಸಿ, ಎರಡು ಸಲ ಚುಚ್ಚಿದೆ, ಅಪ್ಪ ಹೇಳಿದಂತೆಯೇ ಬಂತು. ನಾಲ್ಕೂ ಸರಿ. ಜಗಲಿಯಲ್ಲಿ ಆಹಾ ಓಹೋ. ನನಗೂ, ನಿಜ ಹೇಳುತ್ತೇನೆ, ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಐದನೆಯದನ್ನು ಕೈಯಲ್ಲಿ ಹಿಡಿದು ಸಾಹುಕಾರರು ಸುಮ್ಮನೆ ಮಾತಿಗೆ ಕೇಳಿದರು.

"ಮಗಳು ಚೆನ್ನಾಗಿ ಓದ್ತಿದ್ಲಂತಲ್ಲ ಯಜಮಾನ್ರೇ, ಯಾಕೆ ಬಿಡಿಸ್ಬುಟ್ರಿ?"

"ಅಯ್ಯೋ, ಹೆಣ್ಣುಮಕ್ಳ ತಲೇಗೆ ಏನ್ ಹತ್ತುತ್ತೆ ಬುಡಿ ಸಾವ್ಕಾರ್ರೇ. ಒಂದ್ ಕಾಯಿ ಆಗೈತಾ ಇಲ್ವಾ ಅಂತ ಹೇಳೋವಷ್ಟು ಬುದ್ಧೀನೂ ಇರಾಕಿಲ್ಲ ಅವುಕ್ಕೆ."

ಎಲ್ಲರೂ ನಕ್ಕರು. ನನ್ನ ಕಡ್ಡಿ ಅವನ ಬೆನ್ನಿನ ಮೇಲಿತ್ತು! ಯಾವ ಬೆನ್ನಿಗೆ ಬುದ್ಧಿ ಹೋಗುತ್ತಿದ್ದದ್ದು ಆ ಕಡ್ಡಿಯ ತುದಿಯಿಂದಲೋ, ಆ ಬೆನ್ನು ನಗುತ್ತಾ ಕುಲುಕುತ್ತಿತ್ತು. ಅಪ್ಪ ಐದನೇ ಕಾಯಿ ಅಲ್ಲಾಡಿಸಿದ. ತೊದಲಿತು. ಯಾವ ಅನುಮಾನವೂ ಇಲ್ಲದಂತೆ ತೊದಲಿತು. ನಾನು ಒಂದೇ ಸಲ ಚುಚ್ಚಿದೆ, ಸಿಟ್ಟೆಲ್ಲ ಸೇರಿಸಿ ಚುಚ್ಚಿದೆ.

"ಆಗೈತೆ!" ಅಂದ ಅಪ್ಪ. "ಇದು ಐದ್ರಲ್ಲೂ ಚೆಂದಾಗೈತೆ, ನೋಡ್ತಿರಿ."

ಮಚ್ಚಿನ ಹಿಂಬದಿಯಿಂದ ಜೋರಾಗಿಯೇ ಹೊಡೆದ. ಚಿಪ್ಪು ಸೀಳಿ, ಕೊಳೆತ ತಿರುಳು, ಲೋಳೆ, ಒಂದಿಷ್ಟು ಕಪ್ಪು ನೀರು ಸಾಹುಕಾರರ ಪಂಚೆಗೆ ಚಿಮ್ಮಿತು. ಕೆಟ್ಟ ನಾತ. ಕರಿ ನಾಯಿ ಕೂಡ ಎದ್ದು ಆಚೆ ಹೋಯಿತು. ಆಮೇಲೆ ಸಿದ್ದಪ್ಪ ಕಿಸಕ್ಕನೆ ನಕ್ಕ. ಅವನ ಹಿಂದೆ ಅಣ್ಣನೂ ನಕ್ಕ.

"ಯಾಕೋ ಅಟ್ಟ ಹತ್ತಿ ನೋಡ್ಬೇಕಾಗ್ತದೆ ಅನ್ಸುತ್ತೆ ಯಜಮಾನ್ರೇ," ಅಂದರು ಸಾಹುಕಾರರು ಪಂಚೆ ಕೊಡವುತ್ತಾ.

ಅಪ್ಪ ಎದ್ದು ಒಳಗೆ ನುಗ್ಗಿದ. ನಾನು ಕಡ್ಡಿಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟು ಹಿಂದೆ ತಿರುಗಿದರೆ ಅವ್ವ ಪಡಸಾಲೆಯಲ್ಲೇ ನೀರಿನ ಚೆಂಬು ಹಿಡಿದು ನಿಂತಿದ್ದಾಳೆ. ಯಾವಾಗ ಬಂದಳೋ ಗೊತ್ತಿಲ್ಲ. ಅಪ್ಪನಿಗೆ ಅವಳು ಬಿಟ್ಟು ಬೇರೆ ಯಾರೂ ಕಾಣಲಿಲ್ಲ. ಎತ್ತಿದ ಕೈ ಅವಳ ಕೆನ್ನೆಗೆ ಬಿತ್ತು. ಚೆಂಬಿನ ನೀರು ತುಳುಕಿ ನನ್ನ ಕಾಲ ಮೇಲೆ ಚೆಲ್ಲಿತು.

"ಕಿವಿಗೆ ಏನ್ ಬಡ್ಕಂಡಿತ್ತೇ ನಿಂಗೆ? ನಾಲ್ಕ್ ಜನ್ರ ಮುಂದೆ ಮಾನ ಕಳದ್ಯಲ್ಲೇ!"

ನಾನು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಆ ಸುಮ್ಮನಿದ್ದ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅಪ್ಪನ ಮಾತು ಹಾಗಿರಲಿ. ಅವ್ವ ಕೂಡ ನನ್ನ ಹೆಸರು ಹೇಳಲಿಲ್ಲ. ಚೆಂಬು ಕೆಳಗಿಟ್ಟಳು. ಸೆರಗು ತಲೆ ಮೇಲೆ ಎಳೆದುಕೊಂಡಳು. ಹೊಸಿಲು ದಾಟಿದಳು. ಜಗಲಿ ಹತ್ತಿದಳು. ಕಾಯಿ ಕುಕ್ಕೆಯ ಮುಂದೆ, ಎಲ್ಲ ಗಂಡಸರ ನಡುವೆ, ಕಾಲು ಮಡಿಸಿ ಕೂತಳು. ನಿಲ್ಲಲಿಲ್ಲ, ಬಗ್ಗಲಿಲ್ಲ, ಕೂತಳು. ಒಳಗಿನಿಂದ ಅಜ್ಜಿ ಅಯ್ಯಯ್ಯೋ ಮನೆ ಹಾಳಾಯ್ತು ಅಂತ ಬಾಯಿ ಬಡಿದುಕೊಂಡಳು. ಅವ್ವ ಒಂದು ಕಾಯಿ ಎತ್ತಿ ಅಲ್ಲಾಡಿಸಿ ಬಲಕ್ಕಿಟ್ಟಳು. ಇನ್ನೊಂದು ಬಲಕ್ಕೆ. ಇನ್ನೊಂದು ಎಡಕ್ಕೆ. ಕೊತ್ತಂಬರಿ ಸೊಪ್ಪು ಬಿಡಿಸುವಷ್ಟು ಸಲೀಸಾಗಿ ಇಡೀ ಕುಕ್ಕೆ ಮುಗಿಸಿದಳು.

"ಬಲಗಡೇದು ಆಗೈತೆ, ಎಡಗಡೇದು ಆಗಿಲ್ಲ. ಯಾವ್ದ್ ಬೇಕೋ ಒಡ್ಕಳಿ ಸಾವ್ಕಾರ್ರೇ."

ಸಾಹುಕಾರರು ಒಂದಾದ ಮೇಲೊಂದು ಒಡೆಸಿದರು. ಒಂದೂ ತಪ್ಪಲಿಲ್ಲ. ಅವರು ಅವ್ವನ ಮುಖ ನೋಡಿದರು, ಕೆನ್ನೆಯ ಮೇಲೆ ಬೆರಳ ಗುರುತು ಎದ್ದಿತ್ತು. ಆಮೇಲೆ ಅಪ್ಪನ ಖಾಲಿ ಜಾಗ ನೋಡಿದರು, ಅದರ ಹಿಂದಿನ ಕಿಟಕಿ ನೋಡಿದರು, ಕಿಟಕಿಯ ಹಿಂದೆ ನನ್ನನ್ನು ನೋಡಿದರು. ವ್ಯಾಪಾರದ ಮನುಷ್ಯ, ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತಾಯೀ, ಅಂಗಾದ್ರೆ ಇಷ್ಟು ವರ್ಷ..."

"ಇಷ್ಟು ವರ್ಷದ್ದು ಬುಡಿ. ಅಟ್ಟದ ಮ್ಯಾಲಿರೋ ಕಾಯ್ನ ಇನ್ನೂ ನಾನು ಕೇಳಿ ಬೇರೆ ಮಾಡಿಲ್ಲ. ಕೇಳ್ಬೇಕು ಅಂದ್ರೆ ನಮ್ ಗಿರ್ಜಿ ಹೈಸ್ಕೂಲ್ಗೆ ಸೇರ್ಬೇಕು. ಅವ್ಳು ಅಲ್ಲಿ ಮೆಟ್ಲು ಹತ್ತೋಗಂಟ ನಾನಿಲ್ಲಿ ಏಣಿ ಹತ್ತಾಕಿಲ್ಲ."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಮುಖ ಸುಟ್ಟ ಬದನೆಕಾಯಿ ಆಗಿತ್ತು. ಸಾಹುಕಾರರು ಅವನ ಕಡೆ ತಿರುಗಿ, ಕಳ್ಸಿ ಯಜಮಾನ್ರೇ, ನಂಗೆ ಮಾಲು ಬೇಕು ಅಂದರು. ನೋಡಿ, ನನ್ನ ಓದು ಗೆದ್ದದ್ದು ಹೀಗೆ. ಹುಡುಗಿ ಜಾಣೆ, ಓದಲಿ ಎಂದು ಒಬ್ಬನೂ ಅನ್ನಲಿಲ್ಲ. ಮಾಲು ಬೇಕಿತ್ತು, ಅದಕ್ಕೆ. ಮಾರನೇ ದಿನ ಅಪ್ಪನೇ ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿದ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಸಾಹುಕಾರರು ಮತ್ತೆ ಬಂದರು. ಅವ್ವ ಕುಕ್ಕೆಯ ಮುಂದೆ ಕೂರುತ್ತಾಳೆ ಎಂದು ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಕಾದಿದ್ದೆ. ಅವಳು ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಕಿಟಕಿಯ ಹಿಂದೆ ಹೋಗಿ ಕೂತಳು! ಜಗಲಿಯ ಮೇಲೆ ಅಪ್ಪ, ನಮ್ಮನೆಯವ್ಳಿಗೆ ಆ ವಿದ್ಯೆ ಎಲ್ಲಾ ನಾನೇ ಕಲ್ಸಿದ್ದು, ಹೋದ್ ಸಲ ನಂಗೆ ನೆಗಡಿ ಆಗಿತ್ತು ಅಂತ ಕೊಚ್ಚಿಕೊಳ್ಳುತ್ತಿದ್ದ. ಎಲ್ಲ ಗೊತ್ತಿದ್ದೂ ಎಲ್ಲರೂ ಹೂಂ ಹೂಂ ಅನ್ನುತ್ತಿದ್ದರು. ನನಗೆ ಅಪ್ಪನಿಗಿಂತ ಹೆಚ್ಚಾಗಿ ಅವಳ ಮೇಲೆ ಸಿಟ್ಟು ಬಂತು. ಸಾಹುಕಾರರು ಹೋದ ಮೇಲೆ ಅಡುಗೆಮನೆಗೆ ಹೋಗಿ, ನಿಂಗೆ ಮಾನ ಮರ್ಯಾದೆ ಇಲ್ವಾ ಅಂತ ಅವಳ ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದವಳು ನಿಲ್ಲಿಸಲಿಲ್ಲ. ಮುಂದೆ ಓದಿದ ಅಷ್ಟೂ ವರ್ಷ ನಾನು ಅವಳನ್ನು ಒಬ್ಬ ಪುಕ್ಕಲಿ ಎಂದೇ ಲೆಕ್ಕಕ್ಕೆ ಇಟ್ಟುಕೊಂಡಿದ್ದೆ. ಹಾಸ್ಟೆಲಿನ ಗೆಳತಿಯರಿಗೆ ನಮ್ಮವ್ವನ ಹಾಗೆ ನಾನು ಆಗುವುದಿಲ್ಲ ಎಂದು ಹೇಳಿಕೊಂಡು ತಿರುಗಿದೆ.

ಅಪ್ಪ ತೀರಿಕೊಂಡ ಮೇಲೆ ಒಂದು ಅವರೆಕಾಯಿ ಕಾಲದಲ್ಲಿ ಅವ್ವ ತುರುವೇಕೆರೆಯ ನನ್ನ ಮನೆಗೆ ಬಂದಿದ್ದಳು. ನಾನು ಅಷ್ಟು ಹೊತ್ತಿಗೆ ಟೀಚರಾಗಿ ಹತ್ತು ವರ್ಷ ಆಗಿತ್ತು. ಬೆಳಗಿನ ಬಿಸಿಲಿಗೆ ಮನೆ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವಳು ಕಾಲು ಚಾಚಿ ಆರಾಮವಾಗಿ ಕೂತಿದ್ದನ್ನು ನೋಡಿ ನನಗೆ ಹಳೆಯದೆಲ್ಲ ಕೆದಕಿದ ಹಾಗಾಯಿತು. ಅವತ್ತು ಅಷ್ಟು ಧೈರ್ಯ ಮಾಡಿದವಳು ಮತ್ತೆ ಯಾಕೆ ಕಿಟಕಿ ಹಿಂದೆ ಹೋದೆ ಅಂತ ಕೇಳಿಯೇಬಿಟ್ಟೆ.

"ಅವತ್ತು ಸಾವ್ಕಾರ್ರು ಹೋದ್ಮೇಲೆ ನಿಮ್ಮಪ್ಪ ಅಡುಗೆಮನೇಗೆ ಬಂದಿದ್ರು. ಹುಡ್ಗಿ ಎಲ್ಲೀಗಂಟ ಓದ್ತಾಳೋ ಓದ್ಲಿ, ಆದ್ರೆ ನೀನಿನ್ನೊಂದ್ ಸಲ ಜಗಲಿ ಮ್ಯಾಲೆ ಕುಂತ್ಯೋ, ಅವತ್ತಿಗೆ ಅವ್ಳ ಓದು ಮುಗೀತು ಅಂದ್ರು. ನಾನು ಆಗ್ಲಿ ಅಂದೆ."

ಸತ್ತ ಅಪ್ಪನ ಮೇಲೆ ಸಿಟ್ಟು ಮತ್ತೆ ಹೊಸದಾಗಿ ಉಕ್ಕಿತು. ಇಷ್ಟು ದೊಡ್ಡ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನ್ನಿಂದ ಬೈಸಿಕೊಂಡಳಲ್ಲ ಎಂದು ಅವಳ ಮೇಲೂ ಬಂತು. ಮಾನ ಇಲ್ವಾ ಅಂದಿದ್ದೆನಲ್ಲ, ಆ ಬಾಯಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ನಾನೂ ನನ್ನ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದೆ.

"ಅವ್ವ, ಅವತ್ತು ನಾನು ಬೇಕೂಂತ್ಲೇ ತಪ್ಪು ಚುಚ್ಚಿದ್ದು. ಏಟು ನಿಂಗೆ ಬಿತ್ತು."

"ಗೊತ್ತು ಬುಡು."

"ಗೊತ್ತಾ? ಹೆಂಗೆ?"

"ನೀರು ಕೊಡಾನ ಅಂತ ಬಂದು ನಿನ್ ಹಿಂದೇನೇ ನಿಂತಿದ್ನಲ್ಲೇ. ನಿಮ್ಮಪ್ಪ ಆಡಿದ ಮಾತೂ ಕೇಳುಸ್ತು. ಕಾಯಿ ತೊದಲಿದ್ದೂ ಕೇಳುಸ್ತು. ನೀನು ಒಂದೇ ಸಲ ಚುಚ್ಚಿದ್ದೂ ಕಾಣುಸ್ತು."

"ಮತ್ತೆ ಯಾಕವ್ವ ತಡೀಲಿಲ್ಲ? ಅಪ್ಪ ಇನ್ನೂ ಮಚ್ಚು ಎತ್ತಿರ್ಲಿಲ್ಲವಲ್ಲ?"

ಅವ್ವ ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಅಂಗಳಕ್ಕೆ ಎಸೆದು, ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

"ಒಡೀಲಿ ಅಂತ ಸುಮ್ಕಿದ್ದೆ ಕಣೇ."